ಹುಣಸೆಹಣ್ಣಿನಲ್ಲಿ ತಿಕ್ಕಿದ ಮನೆತನ

ಶಿವಯೋಗೆಪ್ಪ: ಹುಣಸಿಹಣ್ಣ ಹಚ್ಚಿ ತಿಕ್ಕೀದಿ? ಇದನ್ನ?

ವಿಜಯಲಕ್ಷ್ಮೀ: ಹೆಣ್ಣ ನೋಡಾಕ ಬರೂ ದಿನ ಮನ್ಯಾಗಿನ ಹಿತ್ತಾಳಿ ಎಲ್ಲಾ ತಿಕ್ಕೇನ್ರಿ. ದೀಪದ ಸಮೆ, ಚರಿಗಿ, ಕೊಡ, ಕಡೀಕ ಈ ಗ್ವಾಡಿ ಗಡ್ಯಾಳ.

ಶಿವಯೋಗೆಪ್ಪ: ಹಿತ್ತಾಳಿ ಅಲ್ಲ ಇದು. ಬಂಗಾರದ ನೀರು ಕುಡಿಸಿದ ಕಂಚು, ಫ್ರಾನ್ಸ್ ದೇಶದ್ದು. ಎರಡನೂರು ವರ್ಷದ ಕಳೆ ಇತ್ತ ಅದರ ಮ್ಯಾಲ.

ವಿಜಯಲಕ್ಷ್ಮೀ: ಕಳೆ ಅಲ್ಲ, ಕಿಲುಬು. ಬಕೀಟಿನ್ಯಾಗ ತಿಕ್ಕಿದ ನೀರ ಇನ್ನೂ ಐತಿ, ನೋಡ್ರಿ ಬೇಕಾದ್ರ.

ಹೆಂಡತಿಯ ಮಾತಿಗೆ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಶಿವಯೋಗೆಪ್ಪ ಬಕೀಟನ್ನು ಕಾಲಿನಿಂದ ಆಚೆ ತಳ್ಳಿದ. ಮಗಳು ಅನುರಾಧಾಳನ್ನು ಸಾರವಾಡದ ಲಕ್ಕವ್ವನ ಮನೆಗೆ ಕೊಡಬೇಕೆಂದು ಅವನು ಹಂಬಲಿಸುತ್ತಿದ್ದ. ಕೈಯಲ್ಲಿ ದುಡ್ಡಿತ್ತು, ಹಳೆಯ ಮನೆತನ ಮಾತ್ರ ಇರಲಿಲ್ಲ. ಅದನ್ನು ಹೋದ ತಿಂಗಳು ಈ ಗಡಿಯಾರದ ರೂಪದಲ್ಲಿ ಪುಣೆಯ ಹಳೇ ಸಾಮಾನಿನ ಅಂಗಡಿಯಿಂದ ಕೊಂಡು ತಂದಿದ್ದ.

ವಿಜಯಲಕ್ಷ್ಮೀ: ಗಡ್ಯಾಳದ ಮ್ಯಾಲಿನ ಈ ರೆಕ್ಕಿ ಹಚ್ಚಿದ ಬತ್ತಲೆ ಕೂಸು ಯಾರ್ರಿ, ನಿಮ್ಮಜ್ಜನ ಕಡೆಯವರೇನು?

ಶಿವಯೋಗೆಪ್ಪ: ಬಾಯಿ ಮುಚ್ಚು. ನಮ್ಮಜ್ಜಗ ಒಬ್ಬ ಸಾಹೇಬ ಪ್ರೀತೀಲೆ ಕೊಟ್ಟಿದ್ದು ಅಂತ ಹೇಳಾಂವ ಅದೇನಿ.

ವಿಜಯಲಕ್ಷ್ಮೀ: ನಿಮ್ಮಜ್ಜ ನೆರಳ ನೋಡಿ ವ್ಯಾಳ್ಯಾ ತಿಳದು ಉಣ್ಣಾಕ ಕುಂದರತಿದ್ರು. ಮತ್ತ ಇದು ನಡಿಯಂಗೂ ಇಲ್ಲ.

ಶಿವಯೋಗೆಪ್ಪ: ದೊಡ್ಡ ಮನೆತನದ ಗಡ್ಯಾಳ ನಡೀಬಾರದು. ವ್ಯಾಳ್ಯಾ ನೋಡಾವರು ಕೂಲಿ ಮಂದಿ.

ಅಷ್ಟರಲ್ಲಿ ಲಕ್ಕವ್ವ ಮಗ ಚೇತನಕುಮಾರನೊಂದಿಗೆ ಬಂದಳು. ಉಪ್ಪಿಟ್ಟು, ಶಿರಾ, ಚಹಾ ಬಂದವು. ಅನುರಾಧಾ ಒಳಗೆ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಲಕ್ಕವ್ವನ ಕಣ್ಣು ಗೋಡೆಯ ಗಡಿಯಾರದ ಮೇಲೆ ನಿಂತಿತು. ಕೇಳುವ ಮೊದಲೇ ಶಿವಯೋಗೆಪ್ಪ ಶುರುಮಾಡಿದ.

ಶಿವಯೋಗೆಪ್ಪ: ನಮ್ಮಜ್ಜಂದ್ರಿ, ಅಕ್ಕಾರ. ಆನಿ ಒಂದ ಕಟ್ಟಿರಲಿಲ್ಲ ನೋಡ್ರಿ ನಮ್ಮ ಬಾಗಲದಾಗ. ನಮ್ಮ ಮಂದಿ ಬಿಸಲಿಗೆ ಕಾಲಿಟ್ಟವರಲ್ಲ.

ಲಕ್ಕವ್ವ: ಹೌದೇನ್ರಿ? ನನ್ನ ಹಿರೇ ಮಗಳನ್ನ ಇಂಥಾ ಹಳೇ ಮನೆತನಕ್ಕ ಕೊಟ್ಟೇನಿ.

ಶಿವಯೋಗೆಪ್ಪ: ಪುಣ್ಯ ಮಾಡ್ಯಾಳ್ರಿ.

ಲಕ್ಕವ್ವ: ಅಲ್ಲೂ ಗೋಡಿಮ್ಯಾಲ ಒಂದ ಗಡ್ಯಾಳ ನಿಂತೈತಿ. ಅದರ ಕೆಳಗ ಅಳಿಯ ಕುಂತಾನ. ಎರಡೂ ಅಳ್ಳಾಡಂಗಿಲ್ಲ. ಅದಕ್ಕ ಈ ಸಲ ದುಡದ ಮ್ಯಾಲ ಬಂದವರ ಮನಿ ನೋಡೂಣು ಅಂತ ಹೊಂಟಿದ್ವಿ. ನಿಮ್ಮ ಸುದ್ದಿ ಯಾರೋ ತಪ್ಪ ಹೇಳ್ಯಾರ.

ಅವಳು ಸೆರಗು ಸರಿಮಾಡಿಕೊಂಡು ಏಳುವ ತಯಾರಿ ನಡೆಸಿದಳು. ಶಿವಯೋಗೆಪ್ಪ ಬಾಗಿಲಿಗೆ ಅಡ್ಡ ಬಂದು ನಿಂತ.

ಶಿವಯೋಗೆಪ್ಪ: ಕುಂದರ್ರಿ ಅಕ್ಕಾರ. ಹೊಸಾದ್ರಿ ಇದು, ಹೋದ ತಿಂಗಳ ಕೊಂಡಿದ್ದು. ಹೊಳಪು ನೋಡ್ರಿ.

ಲಕ್ಕವ್ವ: ಹಳೇದಕ್ಕ ಹಚ್ಚಿದ ಹುಣಸಿಹಣ್ಣಿನ ಹೊಳಪು ನನಗ ಗೊತ್ತಾಗಂಗಿಲ್ಲೇನ್ರಿ?

ಶಿವಯೋಗೆಪ್ಪ: ಆಣಿ ಮಾಡತೇನಿ. ನಮ್ಮಜ್ಜ ಸಂತ್ಯಾಗ ಮಂದಿ ಚೀಲ ಹೊರತಿದ್ದ. ಕಾಲಾಗ ಕೆರ ಇರಲಿಲ್ಲ. ಏ ವಿಜಯಾ, ನೀನರ ಹೇಳ.

ವಿಜಯಲಕ್ಷ್ಮೀ: ಇದೊಂದ ಖರೆ ಐತ್ರಿ, ಅಕ್ಕಾರ.

ಒಳಗಿನಿಂದ ಬಳೆಯ ಸಪ್ಪಳ ಕೇಳಿಸಿತು. ಲಕ್ಕವ್ವ ಚಹಾದ ಕಪ್ಪನ್ನು ಕೆಳಗಿಟ್ಟು ಬಾಗಿಲ ಪರದೆಯತ್ತ ನೋಡಿದಳು.

ಲಕ್ಕವ್ವ: ಚಾ ಆರೂದ್ರಾಗ ಇಬ್ಬರ ಅಜ್ಜಂದಿರನ್ನ ತೋರಿಸಿದ್ರಿ, ಯಜಮಾನ್ರ. ಹುಡುಗಿನ್ನರೆ ಒಬ್ಬಾಕಿನ್ನ ತೋರಸ್ತೀರೋ, ಹೆಂಗ?