ಜಗಲಿಯ ಮೇಲಿನ ದೋಣಿ

ತ್ರಾಸಿಯ ಲೀಲಾಧರ ಶೆಟ್ಟರನ್ನು ನಲವತ್ತೇಳು ವರ್ಷಗಳಲ್ಲಿ ಒಬ್ಬರೂ ಆಟಕ್ಕೆ ಕರೆದದ್ದಿಲ್ಲ. ನೂರೆರಡು ಕಿಲೋದ ಮನುಷ್ಯನನ್ನು ಯಾರು ಕರೆಯುತ್ತಾರೆ? ಹಾಗಿರುವಾಗ ಕಳೆದ ವರ್ಷ ಊರಿನ ತಂಡ ದೋಣಿ ಸ್ಪರ್ಧೆಯಲ್ಲಿ ಸೋತ ದಿನ ನಾಯಕ ರಾಜೇಂದ್ರನೇ ಬಂದು ಶೆಟ್ಟರ ಹೆಗಲ ಮೇಲೆ ಕೈಯಿಟ್ಟು, "ಮುಂದಿನ್ ವರ್ಷ ದೋಣಿಯಂಗ್ ನಿಮ್ಗೊಂದ್ ಜಾಗ ಇತ್ತ್" ಎಂದುಬಿಟ್ಟ. ಹೇಳಿದವನು ಮರುದಿನವೇ ಮುಂಬೈಯ ತನ್ನ ಕ್ಯಾಂಟೀನಿಗೆ ಹೋದ. ಕೇಳಿದವರ ನಿದ್ದೆಯೂ ಹೋಯಿತು.

ಆ ಜಾಗಕ್ಕೆ ತಕ್ಕ ಮೈ ಬೇಡವೇ? ಶೆಟ್ಟರು ಕುಂದಾಪುರದಲ್ಲಿ ಮುಚ್ಚಿದ ಜಿಮ್ಮೊಂದರಿಂದ ಕೂತಲ್ಲೇ ಹುಟ್ಟು ಹಾಕುವ ಮಿಷನ್ ತಂದರು. ಹಿಡಿಕೆ ಎಳೆದರೆ ಸೀಟು ಹಿಂದಕ್ಕೆ ಜಾರುತ್ತದೆ, ಬಿಟ್ಟರೆ ಮುಂದಕ್ಕೆ. ಬಾಗಿಲಲ್ಲಿ ಹಿಡಿಸದೆ ಅದು ಜಗಲಿಯಲ್ಲೇ ಉಳಿಯಿತು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಪಕ್ಕದ ಮನೆಯ ದಢೂತಿ ಕುಷ್ಟ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು, ದೋಣಿ ಪಕ್ಕದೂರು ಮರವಂತೆ ದಾಟಿತೋ ಎಂದು ವಿಚಾರಿಸುತ್ತಿದ್ದ. ಆಚೆ ಮನೆಯ ಜಲಜಕ್ಕ ಮಿಷನ್ನಿನ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು. ಶೆಟ್ಟರು ಹಲ್ಲು ಕಚ್ಚಿ ಎಳೆದರು. ರಾತ್ರಿಯ ಅನ್ನ ಬಿಟ್ಟರು, ಹುರಿದ ಮೀನು ಬಿಟ್ಟರು. ಎಂಟು ತಿಂಗಳಲ್ಲಿ ಎಪ್ಪತ್ತಾರಕ್ಕೆ ಇಳಿದರು.

ತಂಡ ಪೂರ್ತಿ ಸೇರುವ ತಾಲೀಮಿನ ಭಾನುವಾರ ಬಂತು. ಹೊರಡುವ ಮುಂಚೆ ನೂರು ಸಲ ಎಳೆದೇ ಬಿಡುತ್ತೇನೆಂದು ಶೆಟ್ಟರು ಕೂತರು. ತೊಂಬತ್ತರ ಹೊತ್ತಿಗೆ ಸೀಟು ಕಳಚಿ ಹಾರಿತು. ಶೆಟ್ಟರು ಅಂಗಳದಲ್ಲಿ ಅಂಗಾತ. ಜಲಜಕ್ಕ ಎಣ್ಣೆ ತಂದಳು, ಕುಷ್ಟ ಕೇಳದೆಯೇ ಸೊಂಟಕ್ಕೆ ತಿಕ್ಕಿದ. ನೋವಿದ್ದದ್ದು ಎಡಗಡೆ, ತಿಕ್ಕಿದ್ದು ಬಲಗಡೆ. ಆಮೇಲೆ ಉಪಕಾರ ಸಾಲದೆಂದು ಸ್ಕೂಟರಿನಲ್ಲಿ ಕೂರಿಸಿ, ದಾರಿಯ ಒಂದು ಹೊಂಡವನ್ನೂ ಬಿಡದೆ ಹೊಳೆದಂಡೆಗೆ ಮುಟ್ಟಿಸಿದ.

ದೋಣಿಯ ಹಿಂದಿನ ಹಲಗೆ ಖಾಲಿಯಿತ್ತು. ಶೆಟ್ಟರು ಹತ್ತಿದವರೇ ಮಿಷನ್ನಿನ ಅಭ್ಯಾಸದಂತೆ ಎಲ್ಲರಿಗೂ ಬೆನ್ನು ಹಾಕಿ, ಬಂದ ದಾರಿ ನೋಡುತ್ತ ಕೂತರು.

"ಹ್ವಾಯ್ ಶೆಟ್ರೆ, ನೀವ್ ಯಾವ್ ಬದಿಗ್ ಹೋಪ್ದ್?" ಎಂದು ತಾಲೀಮು ನೋಡಿಕೊಳ್ಳುವ ನಾಗಣ್ಣ ಕೇಳಿದ. ದಡವಿಡೀ ನಕ್ಕಿತು.

ಶೆಟ್ಟರು ತಿರುಗಿ ಕೂತು, ದೋಣಿಯಲ್ಲಿ ಹೆಚ್ಚಿಗೆ ಬಿದ್ದಿದ್ದ ಹುಟ್ಟೊಂದನ್ನು ಹಿಡಿದರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಇಪ್ಪತ್ತರ ಹೈಕಳೆಲ್ಲ ಏದುಸಿರು ಬಿಡುತ್ತಿದ್ದರೂ ಇವರ ಕೈ ನಿಲ್ಲಲಿಲ್ಲ. ಸೊಂಟ ಉರಿಯುತ್ತಿತ್ತು, ಉರಿಯಲಿ. ವಾಪಸು ಬರುವಾಗ ಜನ ಚಪ್ಪಾಳೆ ತಟ್ಟಿದರು. ಶೆಟ್ಟರಿಗೆ ಕಣ್ಣು ತುಂಬಿ ಬಂತು.

ಆ ಬೆಳಿಗ್ಗೆಯಷ್ಟೇ ಮುಂಬೈ ಬಸ್ಸು ಇಳಿದಿದ್ದ ರಾಜೇಂದ್ರ ದಡದಲ್ಲಿ ನಿಂತಿದ್ದ. ದೋಣಿಯಿಂದ ಇಳಿದ ಮನುಷ್ಯನನ್ನು ಎರಡೆರಡು ಸಲ ನೋಡಿದ. ಗುರುತು ಸಿಕ್ಕಿದಾಗ ತಲೆ ಮೇಲೆ ಕೈಯಿಟ್ಟ.

"ಲೀಲಾಧರಣ್ಣ, ನಿಮ್ಮ್ ಹೊಟ್ಟಿ ಎಲ್ಲಿ?"

"ಕರಗ್ಸಿದೆ ಮಾರಾಯಾ. ಜಾಗ ಇತ್ತ್ ಅಂದಿದ್ಯಲ್ಲ."

"ಹುಟ್ಟ್ ಹಾಕುಕೆ ಹನ್ನೊಂದ್ ಜನ ಇದ್ರ್. ಹ್ವಾದ್ ವರ್ಷ ಹಿಂಬದಿ ಹಗೂರಾಯಿ, ದೋಣಿ ಮೂತಿ ನೀರಿಗ್ ಹೊಕ್ಕೇ ನಾವ್ ಸೋತದ್. ಹಿಂದ್ ಭಾರಕ್ಕೆ ಕೂಕಂಬುಕೆ ಒಬ್ರ್ ಬೇಕಿತ್ತ್. ನಿಮ್ಮನ್ನೇ ನಂಬ್ಕಂಡಿದ್ದೆ ನಾನ್."

ಶೆಟ್ಟರು ಇಳಿದುಹೋದ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡರು. ಆಯುಷ್ಯದಲ್ಲಿ ಒಂದೇ ಒಂದು ಸಲ ಅವರ ಹೊಟ್ಟೆ ಊರಿಗೆ ಬೇಕಾಗಿತ್ತು. ಅದನ್ನು ಅವರೇ ದಿನಾ ಬೆವರು ಸುರಿಸಿ ಕಳೆದುಹಾಕಿದ್ದರು. ಹಾಗಾದರೆ ಒಂದು ಹುಟ್ಟಾದರೂ ಕೊಡು ಎಂದು ನಾಚಿಕೆ ಬಿಟ್ಟು ಕೇಳಿದರು. ಮೂರು ತಿಂಗಳಿಂದ ಒಟ್ಟಿಗೆ ಹುಟ್ಟು ಹಾಕುತ್ತಿರುವ ಹೈಕಳಲ್ಲಿ ಯಾರನ್ನು ಇಳಿಸಲಿ ಎಂದ ರಾಜೇಂದ್ರ. ಅವನ ಕಣ್ಣು ಆಗಲೇ ದಡದಲ್ಲಿ ಅಲೆದು ಕುಷ್ಟನ ಮೇಲೆ ನಿಂತಿತ್ತು.

ಹುಟ್ಟನ್ನು ಜನ್ಮದಲ್ಲಿ ಮುಟ್ಟದ ಕುಷ್ಟ ಪಂಚೆ ಎತ್ತಿ ಕಟ್ಟಿ, ಹಿಂದಿನ ಹಲಗೆಯ ಮೇಲೆ ಮದುಮಗನ ಹಾಗೆ ಕೂತ. ದೋಣಿ ಮರಳಿನಲ್ಲಿ ಕಚ್ಚಿಕೊಂಡಿತು. ಮೂವರು ನೂಕಿದರೂ ಅಲುಗಲಿಲ್ಲ.

"ಶೆಟ್ರೆ, ನಿಮ್ಮ್ ಕೈಯಂಗ್ ಈಗ ಶಕ್ತಿ ಇತ್ತಲೆ, ಒಂದ್ ದೂಡಿ ಕಾಂಬ" ಎಂದ ನಾಗಣ್ಣ.

ಶೆಟ್ಟರು ನೀರಿಗಿಳಿದು, ಹೆಗಲು ಕೊಟ್ಟು ನೂಕಿದರು. ದೋಣಿ ಒಂದೇ ನೂಕಿಗೆ ಹೊಳೆಯ ನಡುವಿಗೆ ಹೋಯಿತು. ಶೆಟ್ಟರು ಮೊಣಕಾಲು ನೀರಿನಲ್ಲಿ ಉಳಿದರು.