ಲಸಿಕೆ ಡಬ್ಬಿಯಲ್ಲಿ ಇಪ್ಪತ್ತೊಂದು ದೆವ್ವ

ನಮ್ಮ ಚಿಗವ್ವನ ಮನೆಯ ಮುಂದೆ ದೆವ್ವಗಳು ಪಾಳಿ ಹಚ್ಚಿ ನಿಲ್ಲುತ್ತವೆ. ಸುಳ್ಳಲ್ಲ! ಯಾರನ್ನು ಒಳಗೆ ಕರೆದುಕೊಳ್ಳಬೇಕು, ಯಾರನ್ನು ಹೊಸ್ತಿಲಿನಿಂದಲೇ ಅಟ್ಟಬೇಕು ಎಂಬುದು ಪೂರಾ ಅವಳ ಕೈಯಲ್ಲಿದೆ. ಎಷ್ಟೋ ದೆವ್ವಗಳು ಅಳುಮೋರೆ ಹಾಕಿಕೊಂಡು ವಾಪಸು ಹೋಗಿವೆ. ಸತ್ತ ಮೇಲೂ ಸಂದರ್ಶನ ತಪ್ಪಲಿಲ್ಲವಲ್ಲ ಎಂದು ಅವು ದಾರಿಯುದ್ದಕ್ಕೂ ಕೊರಗಿರಬೇಕು!

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಊರು ಕಮಲಾಪುರ. ಆಯುಷ್ಯದ ಬಹುಪಾಲು ಸುತ್ತಲ ಹಳ್ಳಿ, ತಾಂಡಾ ತಿರುಗಿ ಹೆರಿಗೆ ಮಾಡಿಸಿದ ನರ್ಸು. ಈಗ ನಿವೃತ್ತಳು. ಅವಳ ವಯಸ್ಸಿನವರು ಪ್ರವಚನಕ್ಕೆ ಹೋಗುತ್ತಾರೆ, ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆಯುತ್ತಾರೆ. ಇವಳು ದೆವ್ವದ ಸಿನಿಮಾದ ಡಿಸ್ಕು ಕೂಡಿಹಾಕುತ್ತಾಳೆ. ಮುಚ್ಚಳ ಸೀಳಿ ಆಸ್ಪತ್ರೆಯ ಮೂಲೆಗೆ ಬಿದ್ದಿದ್ದ ಹಳೆಯ ಲಸಿಕೆ ಡಬ್ಬಿಯೊಂದನ್ನು ಕೇಳಿ ತಂದಿದ್ದಾಳೆ. ಮಕ್ಕಳ ಪೋಲಿಯೋ ಹನಿ ತಣ್ಣಗೆ ಕೂತು ಬರುತ್ತಿದ್ದ ಜಾಗದಲ್ಲಿ ಈಗ ಪ್ರೇತಾತ್ಮಗಳು ತಣ್ಣಗೆ ಕೂತಿವೆ.

"ಇದೇನು ಹುಚ್ಚು ಚಿಗವ್ವಾ?" ಎಂದು ಒಮ್ಮೆ ಕೇಳಿದ್ದೆ.

"ನೌಕರಿ ಇರೋತನಕ ಮಂದಿಗಿ ಅಂಜಬ್ಯಾಡ್ರಿ, ಅಂಜಬ್ಯಾಡ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ಸವದದ. ನನಗ ಅಂಜಲಾಕ ಪುರಸೊತ್ತೇ ಸಿಗಲಿಲ್ಲ. ಈಗ ಆರಾಮ ಕುಂತು ಅಂಜತೀನಿ. ನಿನಗೇನಾಗ್ಯಾದ?"

ನನಗೇನಾಗಿದೆ! ನಾನು ಹುಟ್ಟಿದಾಗಿನಿಂದ ಒಂದು ದಿನವೂ ರಜೆ ಹಾಕದೆ ಅಂಜುತ್ತ ಬಂದವನು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಹೋದ ದಿನಗಳಿಗೆ ಲೆಕ್ಕವಿಲ್ಲ. ಕಾಸು ಖರ್ಚು ಮಾಡಿ, ಡಿಸ್ಕು ತಂದು, ಕೂತು ಅಂಜುವವರನ್ನು ಕಂಡರೆ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಹೋದ ವರ್ಷ ಅವಳಿಗೆ ಮಗ್ಗುಲಿನಿಂದ ಬರುವ ಬೈಕುಗಳು ಕಾಣದಾದವು. ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ಪರೀಕ್ಷೆ ಮಾಡಿ, "ಕಣ್ಣಿನ ಒತ್ತಡ ಏರಿ ನರ ಒಣಗ್ಯಾದರಿ ಅಮ್ಮಾ. ಹೋದ ನೋಟ ಮತ್ತ ಬರಂಗಿಲ್ಲ. ಹನಿ ಹಾಕ್ಕೋರಿ, ಇದ್ದದ್ದು ಎಷ್ಟು ದಿನ ಉಳೀತದೋ ಅಷ್ಟು ದಿನ ಉಳಸೋಣು" ಎಂದರು.

ಅವಳಿಗೆಂದು ತಂದಿದ್ದ ನೀರಿನ ಬಾಟಲಿಯನ್ನು ನಾನೇ ಪೂರಾ ಕುಡಿದೆ. ಚಿಗವ್ವ ಮಾತ್ರ ಸೆರಗು ಸರಿಮಾಡಿಕೊಂಡು ಕೇಳಿದಳು: "ಅಷ್ಟರಾಗ ಎಷ್ಟು ಪಿಚ್ಚರ್ ನೋಡಬಹುದ್ರಿ ಡಾಕ್ಟರ್?"

"ಯಾವ ಪಿಚ್ಚರ್?"

"ದೆವ್ವಂದು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಸುದ್ದಿ ಕೇಳಿ ಗಾಬರಿ ಆಗ್ಯಾರೇನ್ರಿ?" "ಇಲ್ರಿ ಸರ್," ಅಂದೆ, "ಇವರು ಮೊದಲಿನಿಂದ ಹಿಂಗೇ."

ಬಸ್ಸಿನಲ್ಲಿ ಕಮಲಾಪುರ ಮುಟ್ಟುವುದರೊಳಗೆ ಅವಳು ನಿರ್ಧಾರ ಮಾಡಿಯಾಗಿತ್ತು. ಲಸಿಕೆ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿದರೆ ಇಪ್ಪತ್ತೊಂದು ಡಿಸ್ಕು ಹಿಡಿಯುತ್ತವೆ. "ಕಣ್ಣು ಹೋದಮ್ಯಾಲೂ ನನ್ನ ಅಂಜಿಸೋವು ಇಪ್ಪತ್ತೊಂದು ಆರಿಸಿ ಇಟ್ಟುಕೋತೀನಿ. ಉಳದದ್ದೆಲ್ಲ ಹೊರಗ." ಎಂಥ ಹೆಂಗಸು ಇವಳು! ಡಾಕ್ಟರ ಆ ಮಾತು ಕೇಳಬೇಕಾದವನು ನಾನಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದೆ. ಅವಳು ಪಟ್ಟಿ ಹಿಡಿದಳು.

ಹೊಸ ಡಿಸ್ಕಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಅಂಗಡಿಯೊಂದಕ್ಕೆ ನನ್ನನ್ನು ಎಳೆದುಕೊಂಡು ಹೋದಳು. ಹಿಂದೆ ಅದು ಡಿಸ್ಕಿನ ಅಂಗಡಿ, ಈಗ ಮೊಬೈಲ್ ಕವರಿನದು. ಹಳೆಯ ಮಾಲು ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಿತ್ತು. ಅಂಗಡಿಯ ಭಾಯಿ ಮರ್ಯಾದೆಯಿಂದ, "ಬರ್ರಿ ಅಮ್ಮಾ, ಭಕ್ತಿದು ಮ್ಯಾಲಿನ ಸಾಲಿನಾಗ ಅವ" ಎಂದ.

"ದೆವ್ವಂದು ಎಲ್ಲಿ ಅವ?"

ಆತ ನನ್ನ ಕಡೆ ತಿರುಗಿ ಪಿಸುಗುಟ್ಟಿದ: "ಭೂತ್ ಕೇ ಪಿಚ್ಚರಾಂ? ಅಮ್ಮಾ ಕೋ?" ನಾನು ತಲೆಯಾಡಿಸಿದೆ. ಒಳಗಿನಿಂದ ಒಂದು ಡಿಸ್ಕು ತಂದು ಒರೆಸಿ ಕೊಟ್ಟ. "ಇದು ಭಾಳ ಡೇಂಜರ್ ಅದರಿ ಅಮ್ಮಾ. ನಾ ನೋಡಿದಮ್ಯಾಲ ಮೂರು ದಿನ ಜ್ವರ ಬಂದಿತ್ತು."

"ಚಳಿ ಬಿಟ್ಟು ಬಿಟ್ಟು ಬರ್ತಿತ್ತೇನು?"

"ಹೌದ್ರಿ!"

"ಅದು ಪಿಚ್ಚರಿಂದಲ್ಲ, ಮಲೇರಿಯಾ. ರಕ್ತ ತಪಾಸ ಮಾಡಿಸಿದ್ಯೋ ಇಲ್ಲೋ?"

ದೆವ್ವ ಪಕ್ಕಕ್ಕೆ ಸರಿಯಿತು. ಆತ ನಾಲಿಗೆ ಚಾಚಿದ, ಇವಳು ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಹೊರಡುವಾಗ, "ಫೋನಿನಾಗೇ ಎಲ್ಲ ಸಿಗತಾವಲ್ರಿ ಅಮ್ಮಾ, ಇವ್ಯಾಕ?" ಎಂದು ಕೇಳಿದ. "ಫೋನು ಕಣ್ಣಿದ್ದವರಿಗಿ. ಇವು ಕೈಗಿ ಸಿಗತಾವ" ಎಂದಳು.

ಮನೆಗೆ ತಂದ ಡಿಸ್ಕಿಗೆಲ್ಲ ಬಟ್ಟೆಯ ಚೀಲ ಹೊಲಿದು, ಬೆರಳಿಗೆ ಗುರುತು ಹತ್ತುವಂತೆ ಗುಂಡಿ ಹಚ್ಚುತ್ತಿದ್ದಳು. ಒಂದು ಗುಂಡಿ ಎಂದರೆ ಬಾವಿ ದೆವ್ವ, ಎರಡು ಎಂದರೆ ಮನೆ ದೆವ್ವ, ಮೂರು ಎಂದರೆ ಗೊಂಬೆಯೊಳಗೆ ಸೇರಿಕೊಂಡದ್ದು. ಆದರೆ ಆ ಭಾಗ್ಯ ಪರೀಕ್ಷೆ ಪಾಸಾದವಕ್ಕೆ ಮಾತ್ರ.

ಪರೀಕ್ಷೆ ಪ್ರತಿ ರವಿವಾರ ಮುಂಜಾನೆ ಹನ್ನೊಂದಕ್ಕೆ. ಟಿವಿಯ ಮೇಲೆ ದಪ್ಪನೆಯ ಕೌದಿ ಹೊದಿಸಿ ಸಿನಿಮಾ ಹಚ್ಚುವುದು! ಕಣ್ಣು ಹೋದ ಮೇಲೂ ಅಂಜಿಸಬೇಕೆಂದರೆ ಕಿವಿಯಿಂದಲೇ ಅಂಜಿಸಬೇಕಲ್ಲ? ಅಂಜಿಕೆ ಅಳೆಯುವ ಯಂತ್ರ ನಾನು. ನನ್ನ ಮುಂಗೈ ಹಿಡಿದು, ಗಡಿಯಾರ ಕಿವಿಯ ಹತ್ತಿರ ಇಟ್ಟುಕೊಂಡು ನಾಡಿ ಎಣಿಸುತ್ತಾಳೆ. ನೂರು ದಾಟಿದರೆ ಪಾಸು.

ಕೌದಿ ಎಂದಾಗ ನಾನು ಖುಷಿಯಿಂದಲೇ ಒಪ್ಪಿದ್ದೆ. ಚಿತ್ರವೇ ಕಾಣದ ಮೇಲೆ ಹೆದರುವುದೇನಿದೆ? ಎಂಥ ಮಬ್ಬ ನಾನು! ಪರದೆಯ ಮೇಲೆ ಒಂದೇ ದೆವ್ವ ಇರುತ್ತದೆ. ಕೌದಿಯ ಹಿಂದೆ ಎಷ್ಟು ಬೇಕಾದರೂ ಇರುತ್ತವೆ. ಎಲ್ಲೋ ನಲ್ಲಿ ತೊಟ್ಟಿಕ್ಕಿದರೂ ನನಗೆ ಕೌದಿಯ ಒಂದೊಂದು ತೇಪೆಯೂ ಮುಖವಾಗಿ ಕಾಣುತ್ತಿತ್ತು.

ಚಿಗವ್ವ ಮಾತ್ರ ನಿರ್ದಯಿ. ಡೋಲು ನಗಾರಿ ಬಡಿದು ಬೆಚ್ಚಿಬೀಳಿಸುವ ಚಿತ್ರ ಬಂದರೆ, "ಇದು ದೆವ್ವ ಅಲ್ಲ, ಮದುವಿ ಮೆರವಣಗಿ. ತಗಿ!" ಉದ್ದುದ್ದ ಮಾತಾಡುವ ದೆವ್ವ ಬಂದರೆ, "ಸತ್ತರೂ ಆಕಿ ಬಾಯಿ ನಿಂತಿಲ್ಲ ನೋಡು. ತಗಿ!" ಏದುಸಿರು ಬಿಡುವ ದೆವ್ವಕ್ಕೆ, "ಈಕಿಗಿ ರಕ್ತ ಕಮ್ಮಿ ಅದ. ಕಬ್ಬಿಣದ ಗುಳಗಿ ಬೇಕು, ಡಬ್ಬ್ಯಾಗ ಜಾಗಾ ಅಲ್ಲ."

ಕಾಕಾ, ಅಂದರೆ ಅವಳ ಗಂಡ, ಸಿನಿಮಾ ಶುರುವಾಗುವ ಹೊತ್ತಿಗೆ ಬಾಳೆತೋಟಕ್ಕೆ ಹೊರಟುಬಿಡುತ್ತಾನೆ. ಒಮ್ಮೆ ಚಪ್ಪಲಿ ಮೆಟ್ಟುತ್ತ ನನಗೆ ಹೇಳಿದ: "ನನ್ನ ಆರಿಸೋ ಮುಂದ ಇಷ್ಟು ಪರೀಕ್ಷಾ ಮಾಡಿದ್ದಿಲ್ಲ ನೋಡಪಾ ಈಕಿ!"

ಒಳಗಿನಿಂದ ಉತ್ತರ ಬಂತು: "ಮಾಡಿದ್ರ ಪಾಸಾಗ್ತಿದ್ರೇನು?"

ಭಾಯಿಗೆ ಜ್ವರ ಬರಿಸಿದ ಆ ಚಿತ್ರದ ದಿನ ನಡೆದದ್ದನ್ನು ಹೇಳಲೇಬೇಕು. ಕೌದಿಯ ಹಿಂದಿನಿಂದ ಒಬ್ಬ ಹೆಂಗಸು ಕರುಳು ಕಿತ್ತುಬರುವಂತೆ ಚೀರುತ್ತಿದ್ದಳು. ನಿಲ್ಲಿಸುತ್ತಾಳೆ, ನರಳುತ್ತಾಳೆ, ಮತ್ತೆ ಚೀರುತ್ತಾಳೆ. ಐದು ನಿಮಿಷವಾಗಿರಬೇಕು, ಬಾಗಿಲು ದಢಾರನೆ ತೆರೆಯಿತು. ಪಕ್ಕದ ಮನೆಯಾಕೆ! ಕೈಯಲ್ಲಿ ಹೊಗೆಯಾಡುವ ಬಿಸಿನೀರಿನ ಪಾತ್ರೆ, ಹೆಗಲ ಮೇಲೆ ಹಳೆಯ ಹತ್ತಿ ಸೀರೆ.

"ಅಕ್ಕೋರೇ, ಯಾರ ಮನಿ ಹೆಣಮಗಳ್ರೀ? ಎಷ್ಟೊತ್ತಾತು ಹೆರಿಗಿ ಬ್ಯಾನಿ ಸುರುವಾಗಿ?" ಎನ್ನುತ್ತ ಒಳಗೆ ನುಗ್ಗಿದಳು. ಅಲ್ಲಿ ಕಂಡದ್ದೇನು? ಮಂಚದ ಮೇಲೆ ಬೆವರು ಸುರಿಸುತ್ತ, ದಿಂಬು ಕಚ್ಚಿ ಹಿಡಿದು, ಕಣ್ಣು ಮುಚ್ಚಿ ಮಲಗಿದ್ದ ನಾನು. ನನ್ನ ನಾಡಿ ಹಿಡಿದು ಕೂತಿದ್ದ ಚಿಗವ್ವ.

ಆಕೆ ಪಾತ್ರೆ ಅಲ್ಲೇ ಇಟ್ಟು ಬಾಯಿಗೆ ಸೆರಗು ಹಚ್ಚಿದಳು. "ಯವ್ವಾ! ಇವರಿಗೇನ್ರೀ?"

"ನೂರಾ ಹದಿನೆಂಟು!" ಎಂದು ಚಿಗವ್ವ ಚಪ್ಪಾಳೆ ತಟ್ಟಿದಳು. "ಬಿಸಿನೀರೂ ತರಿಸ್ತಂದ್ರ ಇದು ಪಿಚ್ಚರ್. ಡಬ್ಬ್ಯಾಗ ಹಾಕು!"

ಹೀಗೆ ಇಪ್ಪತ್ತು ತುಂಬಿದವು. ಉಳಿದದ್ದು ಒಂದೇ ಜಾಗ. ಅಷ್ಟರಲ್ಲಿ ಅವಳ ನೋಟ ಇನ್ನೂ ಕಿರಿದಾಗಿತ್ತು. ಎದುರಿಗೆ ಕೂತವರನ್ನು ನೋಡಲೂ ಕೊರಳು ಅತ್ತಿತ್ತ ತಿರುಗಿಸಬೇಕಾಗಿತ್ತು. ಕೊನೆಯ ಜಾಗಕ್ಕೆ ಯಾವುದು ಎಂಬುದರಲ್ಲಿ ಮಾತ್ರ ಅವಳಿಗೆ ಅನುಮಾನವೇ ಇರಲಿಲ್ಲ. ಹೊಸದಾಗಿ ನೌಕರಿ ಸೇರಿದಾಗ ಕಲಬುರಗಿಯ ಟಾಕೀಜಿನಲ್ಲಿ ನೋಡಿದ ಚಿತ್ರ. "ಖರೇ ಅಂಜಿದ್ದು ಅದೊಂದಕ್ಕೇ" ಎನ್ನುತ್ತಿದ್ದಳು. ಅಂಗಡಿಯ ಭಾಯಿ ಅದನ್ನು ಎಲ್ಲಿಂದಲೋ ಹುಡುಕಿ ತಂದುಕೊಟ್ಟ.

ಕೌದಿ ಹೊದಿಸಿ ಹಚ್ಚಿದೆವು. ಅವಳು ಕಾಯುತ್ತಿದ್ದ ದೃಶ್ಯ ಬಂತು. ಒಂದು ಸಪ್ಪಳವಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು.

"ಬಂದ್ ಆಗ್ಯಾದೇನೋ?"

"ಇಲ್ಲ ಚಿಗವ್ವಾ, ನಡದದ."

ನನ್ನ ನಾಡಿ ಎಪ್ಪತ್ತರಲ್ಲಿತ್ತು. ಅವಳು ಕೈ ಬಿಟ್ಟಳು. "ಇದು ಬರಂಗಿಲ್ಲ. ತಗಿ" ಎಂದಳು. ಎಷ್ಟೋ ಸಲ ಹೇಳಿದ ಮಾತೇ. ಆದರೆ ಈ ಸಲ ಧ್ವನಿಗೆ ಗತ್ತಿರಲಿಲ್ಲ. ನಾನು ಏಳಲಿಲ್ಲ. ಅವಳೇ ಕೇಳಿದಳು: "ಸಪ್ಪಳ ಇಲ್ಲಂದ್ರ, ಏನ್ ನಡದದ ಅಂತ ನನಗ ಹ್ಯಾಂಗ ತಿಳೀಬೇಕೋ ತಮ್ಮಾ?"

ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎದ್ದು ಕೌದಿ ಎಳೆದು ಕೆಳಗೆ ಹಾಕಿದೆ. ಆ ತುಣುಕನ್ನು ಹಿಂದಕ್ಕೊಯ್ದು ಮೊದಲಿನಿಂದ ಹಚ್ಚಿದೆ. ಚಿಗವ್ವ ಗಡಬಡಿಸಿ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು. "ನಾ ನೋಡಂಗಿಲ್ಲ. ನೀನೇ ಹೇಳು."

"ಕನ್ನಡಿ ಮುಂದ ಕುಂತಾಳ. ತೆಲಿ ಹಿಕ್ಕೋಲಾಕತ್ತಾಳ."

"ಸೀರಿ ಯಾವ ಬಣ್ಣದ್ದು?"

"ತಿಳಿ ಹಸರು."

"ಹ್ಞೂಂ. ತಿಳಿ ಹಸರೇ ಇತ್ತು. ಹಿಂದಿನ ಬಾಗಲಾ?"

"ಹಾಕ್ಯಾದ... ತಡಿ. ಸರೀಲಾಕತ್ತದ."

ಕಣ್ಣು ತಾವಾಗಿ ಮುಚ್ಚಲು ನೋಡಿದವು, ಬಿಡಲಿಲ್ಲ. ಇಬ್ಬರ ಪಾಲಿನದನ್ನೂ ನಾನೇ ನೋಡಬೇಕಿತ್ತು.

"ಯಾರು ಬಂದ್ರು? ಆಕಿ ತಿರುಗಿ ನೋಡಿದಳೇನು?"

"ಇನ್ನೂ ಇಲ್ಲ, ಇನ್ನೂ ಇಲ್ಲ..."

"ಗಡಿಬಿಡಿ ಮಾಡಬ್ಯಾಡ. ಪೂರಾ ನೋಡಿ ಸಾವಕಾಶ ಹೇಳು." ಅಂಗೈಗಳ ಕೆಳಗೆ ಅವಳ ತುಟಿ ಸಣ್ಣಗೆ ನಕ್ಕವು. "ಇದು ಇರಲಿ ಬಿಡು ಡಬ್ಬ್ಯಾಗ. ಆದ್ರ ಇದರ ಸಂಗಟ ನೀನೂ ಬರಬೇಕಾಗ್ತದ ನೋಡು."

"ಬರತೀನಿ ಚಿಗವ್ವಾ" ಎಂದೆ. ಕುರ್ಚಿಯನ್ನು ಟಿವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.