ಬೈದರೆ ಬದುಕಿದ್ದಾರೆ

ಬಂಗಾರಪೇಟೆ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನಷ್ಟು ಬೈಗುಳ ತಿಂದ ಮನುಷ್ಯ ಇನ್ನೊಬ್ಬನಿರಲಿಲ್ಲ. ತಮಾಷೆ ಎಂದರೆ, ಹಾಗೆ ಬೈಸಿಕೊಳ್ಳುವುದಕ್ಕೆ ಸರ್ಕಾರ ಅವರಿಗೆ ಸಂಬಳ ಕೊಡುತ್ತಿತ್ತು!

ದಿಕ್ಕಿಲ್ಲದ ಮುದುಕರಿಗೆ ಸರ್ಕಾರ ತಿಂಗಳು ತಿಂಗಳು ಪಿಂಚಣಿ ಕೊಡಲು ಶುರುಮಾಡಿದ ಹೊಸತು. ಸತ್ತವರ ಹೆಸರಿನಲ್ಲಿ ಹಣ ಹೋಗಬಾರದಲ್ಲ? ಯಾರು ಇದ್ದಾರೆ, ಯಾರು ಹೋದರು ಎಂದು ಮನೆಮನೆಗೆ ಹೋಗಿ ನೋಡಿ ಬರುವ ಕೆಲಸ ತಾಲ್ಲೂಕು ಕಚೇರಿಯ ಗುಮಾಸ್ತರಾದ ಚಿಕ್ಕಪ್ಪನ ಪಾಲಿಗೆ ಬಂತು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹುಡುಗಿ ಜೊತೆಗಿದ್ದರೆ ಮುದುಕಿಯರು ಬೇಗ ಬಾಗಿಲು ತೆಗೆಯುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಬೇರೆಯವರಾಗಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದುಬಿಡುತ್ತಿದ್ದರು. ಚಿಕ್ಕಪ್ಪನಿಗೆ ಹೆಬ್ಬೆಟ್ಟಿನ ಮೇಲೆ ನಂಬಿಕೆಯಿಲ್ಲ.

“ಎಬ್ಬೆಟ್ಟು ಯಾರ್ದಾದ್ರೂ ಒತ್ತಬೋದು ಕಣಮ್ಮಿ. ಬೈಗುಳ ಮಾತ್ರ ಬದುಕಿರೋರೇ ಬೈಬೇಕು!”

ಬಾಗಿಲಲ್ಲಿ ನಿಂತು “ಏನಜ್ಜಿ, ಇನ್ನೂ ಇದ್ದೀಯಾ?” ಎನ್ನುವರು. ಸಾಕಲ್ಲ! ಒಳಗಿನಿಂದ ಮಳೆ ಬಂದಂತೆ ಬರುತ್ತಿತ್ತು. ಚಿಕ್ಕಪ್ಪ ಕಣ್ಣುಮುಚ್ಚಿ, ಸಂಗೀತ ಕಚೇರಿ ಕೇಳುವ ರಸಿಕರಂತೆ ತಲೆದೂಗಿ, “ಜೀವಂತ” ಎಂದು ಬರೆದುಕೊಳ್ಳುವರು. ನಾನೂ ನನ್ನ ದಿನಚರಿಯಲ್ಲಿ ಕನ್ನಡ, ತೆಲುಗು, ತಮಿಳು ಎಂದು ಮೂರು ಕಾಲಂ ಎಳೆದು ಗುರುತು ಹಾಕುತ್ತಿದ್ದೆ. ಹಳ್ಳಿಗಳ ಕಡೆ ಹೋದರೆ ತೆಲುಗು ಮುಂದೆ, ಚಿನ್ನದ ಗಣಿಯ ಕಡೆ ಹೋದರೆ ತಮಿಳು. ಮೂರನ್ನೂ ಒಂದೇ ಉಸಿರಿನಲ್ಲಿ ಬೈಯುವವರೂ ಇದ್ದರು. ಅವರನ್ನು ಯಾವ ಕಾಲಮ್ಮಿಗೆ ಹಾಕುವುದು?

ಒಂದು ಹಳ್ಳಿಯಲ್ಲಿ ಹಗ್ಗದ ಮಂಚದ ಮೇಲೆ ಯಾರೋ ತಲೆಯವರೆಗೆ ಕಂಬಳಿ ಹೊದ್ದು ಮಲಗಿದ್ದರು.

“ನಮ್ಮಪ್ಪ ಸ್ವಾಮಿ. ಮಾತು ನಿಂತೋಗ್ಯದೆ,” ಎಂದ ಮನೆಯ ಯಜಮಾನ.

“ಪಾಪ!” ಎಂದರು ಚಿಕ್ಕಪ್ಪ. “ಪ್ರಾಯದಾಗೆ ಎಂಥಾ ಕೋಳಿ ಕಳ್ಳ ಇವ್ನು! ಸುತ್ತಮುತ್ತ ಒಂದ್ ಪಿಳ್ಳೆ ಉಳಿಸಿರ್ಲಿಲ್ಲ.”

ಕಂಬಳಿ ಹಾರಿಹೋಯಿತು. ಎದ್ದು ಕುಳಿತವಳು ಮನೆಯ ಸೊಸೆ!

“ಯಾರ್ಲಾ ಕೋಳಿ ಕಳ್ಳ? ನಮ್ ಮಾವ ಬದುಕಿರೋಗಂಟ ಒಬ್ಬರ ಮನೆ ಮೊಟ್ಟೆ ಮುಟ್ಟಿದೋರಲ್ಲ!”

“ಬದುಕಿರೋಗಂಟ,” ಎಂದು ಚಿಕ್ಕಪ್ಪ ನಿಧಾನವಾಗಿ ಬರೆದುಕೊಂಡರು. ಹೊರಡುವಾಗ ಮಾತ್ರ ಆಕೆಗೆ ಕೈಮುಗಿದರು. “ನನ್ ಸೊಸೆ ನನಗೋಸ್ಕರ ಇಂಗೆ ಎದ್ದು ಕುಂತಾಳಾ?” ಎಂದು ದಾರಿಯುದ್ದಕ್ಕೂ ಯೋಚನೆ ಬೇರೆ!

ಗಣಿಯ ಊರಾದ ಊರಿಗಾಮಿಗೆ ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದೆವು. ಗಣಿ ತೋಡಿ ಸುರಿದ ಮಣ್ಣಿನ ದಿಬ್ಬಗಳು ಮಂಜಿನಲ್ಲಿ ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿದ್ದವು. ನಮ್ಮ ಕೆಳಗೆ, ಬಹಳ ಕೆಳಗೆ, ಗಣಿಯೊಳಗೆ ದೀಪ ಹಿಡಿದು ನಡೆಯುತ್ತಿರುವ ಜನ. ಮೇಲೆ ತೂಕಡಿಸುವ ರೈಲು. ಇರುವವರು ಯಾರು, ಹೋದವರು ಯಾರು ಎಂಬುದು ಆ ಹೊತ್ತಿನಲ್ಲಿ ನನಗೆ ಅಷ್ಟು ಖಚಿತವಾಗಿ ತೋರುತ್ತಿರಲಿಲ್ಲ. ಎಲ್ಲರೂ ಒಂದೇ ಮಂಜಿನೊಳಗೆ ಇದ್ದಂತೆ.

ಅಲ್ಲಿ ಚಿಕ್ಕಪ್ಪನ ಮೆಚ್ಚಿನ ಮುದುಕನೊಬ್ಬನಿದ್ದ. ಆಯುಷ್ಯವೆಲ್ಲ ಗಣಿಯೊಳಗೆ ಕಳೆದವನು. ನಮ್ಮನ್ನು ದೂರದಿಂದ ಕಂಡರೇ ಶುರು.

“ಲೇ ಕಾಗದ ತಿನ್ನೋ ಕತ್ತೆ! ನಿನ್ ಪೆನ್ನಿಗೆ ಗೆದ್ಲು ಇಡಿಯಾ! ನಾನ್ ಸತ್ರೆ ಮೊದ್ಲು ನಿಂಗೇ ಯೋಳಿ ಓಯ್ತೀನಿ ಕಣ್ಲಾ!”

ಚಿಕ್ಕಪ್ಪನಿಗೆ ಹಬ್ಬ. ಮುದುಕನ ಹೆಂಡತಿ ನಾಚಿಕೊಂಡು ನೀರು ತಂದಿಟ್ಟು, “ಏನೂ ಅನ್ಕೋಬ್ಯಾಡ ಸ್ವಾಮಿ,” ಎನ್ನುವಳು. ಆಕೆಯ ಬಾಯಿಂದ ಬೇರೆ ಮಾತು ನಾನು ಕೇಳಿರಲಿಲ್ಲ.

ಒಂದು ಸಲ ಹೋದಾಗ ಬಾಗಿಲು ಮುಚ್ಚಿತ್ತು. ಚಿಕ್ಕಪ್ಪ “ಏನಜ್ಜ, ಇನ್ನೂ ಇದ್ದೀಯಾ?” ಎಂದರು. ಒಳಗಿನಿಂದ ಗೊಗ್ಗರು ದನಿಯಲ್ಲಿ ಬಂತು:

“ಲೇ ಕಾಗದ ತಿನ್ನೋ ಕತ್ತೆ! ನಿನ್ ಪೆನ್ನಿಗೆ ಗೆದ್ಲು ಇಡಿಯಾ! ನಾನ್ ಸತ್ರೆ…”

ಅಲ್ಲಿಗೆ ನಿಂತಿತು. ನಾವು ಕಾದೆವು. ಮುಂದಿನದು ಬರಲಿಲ್ಲ. ಚಿಕ್ಕಪ್ಪ ಮೆಲ್ಲಗೆ ಬಾಗಿಲು ತಳ್ಳಿದರು. ಮುದುಕಿ ಗಂಡನ ತಲೆಗೆ ಸುತ್ತುತ್ತಿದ್ದ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಮಗಳ ಊರಿಗೆ ಹೋದ ಮುದುಕ ಅಲ್ಲೇ ತೀರಿಕೊಂಡಿದ್ದ.

“ಈ ದುಡ್ಡು ನಿಂತೋದ್ರೆ ನಾ ಏನ್ ತಿನ್ಲಿ ಸ್ವಾಮಿ?” ಎಂದಳು. ಆಮೇಲೆ, “ಬರೀ ದುಡ್ಡಿಗೆ ಬೈದೆ ಅನ್ಕೋಬ್ಯಾಡ. ಮನೆಯಾಗೆ ಸದ್ದೇ ಇಲ್ಲ.”

“ಸತ್ತೋರ್ದು ನಿಲ್ಲಿಸ್ಲೇಬೇಕಮ್ಮ,” ಎಂದರು ಚಿಕ್ಕಪ್ಪ. “ನಿಂದು ಕೊಡಿಸ್ತೀನಿ.”

ನಿಲ್ಲಿಸಿದರು. ಆಕೆಯ ಅರ್ಜಿಯ ಹಿಂದೆ ಬಿದ್ದು, ಯಾವ ಮೇಜಿನ ಮೇಲೂ ಅದನ್ನು ಮಲಗಲು ಬಿಡಲಿಲ್ಲ. ಮಂಜೂರಾಯಿತು. ಮೊದಲ ಹಣಕ್ಕೆ ಮುಂಚೆ ಆಕೆ ಇದ್ದಾಳೆಂದು ನೋಡಿ ಬರಬೇಕಿತ್ತು. ಕಣ್ಣೆದುರು ಕುಳಿತಿದ್ದಾಳೆ, ಬರೆದುಕೊಂಡರೆ ಮುಗಿಯಿತು ಎನ್ನುತ್ತೀರಾ? ನಮ್ಮ ಚಿಕ್ಕಪ್ಪನ ವಿಷಯ ನಿಮಗೆ ಗೊತ್ತಿಲ್ಲ!

“ನೀ ಮಾಡೋ ಮುದ್ದೆ ಕಲ್ಲಿನಂಗದೆ!” ಎಂದರು.

“ಊಂ ಸ್ವಾಮಿ, ಈ ಸಲ ರಾಗೀನೇ ಅಂಗದೆ.”

“ನೀನು ಶುದ್ಧ ಸೋಮಾರಿ!”

“ವಯಸ್ಸಾಯ್ತಲ್ಲ ಸ್ವಾಮಿ.”

ಪೆನ್ನು ಗಾಳಿಯಲ್ಲೇ ನಿಂತಿತ್ತು. ಆಕೆ ನಿಜವಾಗಿಯೂ ಅರ್ಧ ಹೋಗಿಬಿಟ್ಟಿದ್ದಳು. ಕಣ್ಣು ನಮ್ಮ ಮೇಲಿದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ಹಣ ಬಂದರೂ ಉಂಡಾಳೇ ಎಂದು ನನಗೆ ಭಯವಾಯಿತು. ಚಿಕ್ಕಪ್ಪ ಎದ್ದು ನಿಂತು, ಎತ್ತಲೋ ನೋಡುತ್ತಾ ಹೇಳಿದರು:

“ಅಲ್ಲಾ, ನಿನ್ ಗಂಡನಿಗೆ ನೆಟ್ಟಗೆ ಬೈಯೋಕೂ ಬರ್ತಿರ್ಲಿಲ್ಲ ಬಿಡು.”

ಮುದುಕಿಯ ಕತ್ತು ತಿರುಗಿತು.

“ಯಾರಿಗ್ಲಾ ಬರ್ತಿರ್ಲಿಲ್ಲ? ಕಾಗದ ತಿನ್ನೋ ಕತ್ತೆ! ನಿನ್ ಪೆನ್ನಿಗೆ ಗೆದ್ಲು ಇಡಿಯಾ! ಏನ್ ನೋಡಕ್ ಬಂದಿದ್ದೀಯ, ಸತ್ತೌಳಾ ಇಲ್ವಾ ಅಂತಾನಾ? ನಾನ್ ಸತ್ರೆ ಮೊದ್ಲು ನಿಂಗೇ ಯೋಳಿ ಓಯ್ತೀನಿ ಕಣ್ಲಾ!”

ಪಕ್ಕದ ಮನೆಯವರು ಇಣುಕಿದರು. ಚಿಕ್ಕಪ್ಪ ಆ ದಿನ ಕಣ್ಣು ಮುಚ್ಚಲಿಲ್ಲ, ತಲೆಯನ್ನೂ ದೂಗಲಿಲ್ಲ. ಕಾಗದ, ಪೆನ್ನು ಎರಡನ್ನೂ ನನ್ನ ಕೈಗೆ ಕೊಟ್ಟು, “ನೀನೇ ಬರ್ಕೊಳಮ್ಮಿ,” ಎಂದರು. ಆಮೇಲೆ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

“ಯಜಮಾನ್ರು ಯೋಳ್ದೆ ಒಂಟೋದ್ರು. ನೀನಾದ್ರೂ ಯೋಳಮ್ಮ.”